ಒಂದು ಸನ್ನದಿನ ವೃತ್ತಾಂತ



ಅಮೆರಿಕದ ಸ್ವಯಮಾಡಳಿತದ ಮೂಲವನ್ನು ಅರಸುವವರು ಬಹುಮಟ್ಟಿಗೆ 1620ರ ನವೆಂಬರಿನಲ್ಲಿ ಮೇಫ್ಲವರ್ ಹಡಗಿನೊಳಗೆ 41 ಮಂದಿ ರುಜು ಹಾಕಿದ ಒಡಂಬಡಿಕೆಯ ಬಳಿ ಹೋಗಿ ನಿಲ್ಲುವರು. ಆ ಪತ್ರವು ಪೂಜ್ಯವಾದುದೇ. ಆದರೂ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ವರ್ತಕರ ಲೆಕ್ಕಾಚಾರದಿಂದ ಹುಟ್ಟಿದ, ಪ್ರಜಾಧಿಕಾರದ ಸಂಕಲ್ಪವೇ ಇಲ್ಲದಿದ್ದ ಇನ್ನೊಂದು ದಸ್ತಾವೇಜು: 1629ರ ಮಾರ್ಚ್ 4ರಂದು ದೊರೆ ಒಂದನೆಯ ಚಾರ್ಲ್ಸನು ಮ್ಯಾಸಚೂಸೆಟ್ಸ್ ಬೇ ಕಂಪನಿಗೆ ದಯಪಾಲಿಸಿದ ಸನ್ನದು.

ವ್ಯಾಪಾರಸಂಘವೊಂದಕ್ಕೆ ಬೇಕಾದುದೆಲ್ಲವೂ ಅದರಲ್ಲಿದ್ದಿತು: ಒಬ್ಬ ಗವರ್ನರು, ಒಬ್ಬ ಉಪಗವರ್ನರು, 18 ಮಂದಿ ಸಹಾಯಕರು, ವರ್ಷಕ್ಕೆ ನಾಲ್ಕಾವೃತ್ತಿ ಸದಸ್ಯರೆಲ್ಲರ ಮಹಾಸಭೆ, ಇಂಗ್ಲೆಂಡಿನ ಶಾಸನಗಳಿಗೆ ವಿರೋಧವಾಗದಂತೆ ನಿಬಂಧನೆಗಳನ್ನು ರಚಿಸುವ ಹಕ್ಕು. ಇದೇ ಜಾತಿಯ ಸನ್ನದನ್ನು 1600ರ ಡಿಸೆಂಬರ್ 31ರಂದು ಎಲಿಜಬೆತ್ ರಾಣಿಯಿಂದ ಪಡೆದ ಈಸ್ಟ್ ಇಂಡಿಯಾ ಕಂಪನಿಯು ಲಂಡನ್ನಿನಲ್ಲಿಯೇ ಕುಳಿತು ನಮ್ಮ ಮೇಲೆ ಏನೇನನ್ನು ನಡೆಸಿತೆಂಬುದನ್ನು ಬಲ್ಲ ನಾವು, ಈ ಕಂಪನಿಯ ಗತಿ ಬೇರೆಯಾದದ್ದು ಹೇಗೆಂದು ಕೇಳಲೇಬೇಕು. ಸಭೆಯು ಎಲ್ಲಿ ಕೂಡತಕ್ಕದ್ದೆಂಬುದನ್ನು ಮ್ಯಾಸಚೂಸೆಟ್ಸಿನ ಸನ್ನದು ಹೇಳಿರಲಿಲ್ಲ. ಆ ಮೌನವನ್ನೇ ಆಧಾರವಾಗಿ ಹಿಡಿದು, ವಲಸೆಹೋಗಲು ನಿಶ್ಚಯಿಸಿದ್ದ ಪ್ಯೂರಿಟನ್ ಸದಸ್ಯರು 1629ರ ಆಗಸ್ಟಿನಲ್ಲಿ ಆಡಳಿತವನ್ನೂ ಸನ್ನದನ್ನೂ ಕಡಲಾಚೆಗೆ ಒಯ್ಯುವ ನಿರ್ಣಯ ಮಾಡಿಸಿಕೊಂಡರು. ಮರುವರ್ಷ ಕಂಪನಿಯ ಗವರ್ನರ್ ಜಾನ್ ವಿಂಥ್ರಪ್ಪನು ಆರ್ಬೆಲ್ಲಾ ಹಡಗನ್ನೇರಿದಾಗ ಆ ಚರ್ಮಪತ್ರವೂ ಅವನೊಡನೆ ಹೊರಟಿತು.

ಸನ್ನದು ಹತ್ತಿರ ಬಂದಮಾತ್ರಕ್ಕೆ ಅಧಿಕಾರವು ಜನರ ಹತ್ತಿರ ಬಂದುಬಿಡಲಿಲ್ಲ. 1630ರ ಅಕ್ಟೋಬರಿನಿಂದ ಶಾಸನಗಳನ್ನು ಮಾಡುವವರೂ ಗವರ್ನರನನ್ನು ಆರಿಸುವವರೂ ಸಹಾಯಕರೇ ಆದರು. 1632ರಲ್ಲಿ ನ್ಯೂಟೌನಿನ ರಕ್ಷಣೆಗೆಂದು ಊರುಗಳ ಮೇಲೆ 60 ಪೌಂಡಿನ ತೆರಿಗೆ ಬಿದ್ದಾಗ, ಹೀಗೆ ಹಣ ತೆತ್ತರೆ ನಾವೂ ನಮ್ಮ ಸಂತತಿಯೂ ದಾಸ್ಯಕ್ಕೆ ಬೀಳುವೆವೆಂದು ವಾಟರ್‌ಟೌನಿನ ಪಾದ್ರಿ ಜಾರ್ಜ್ ಫಿಲಿಪ್ಸನು ಊರವರನ್ನು ಎಚ್ಚರಿಸಿದನು. ಅವರನ್ನು ಕರೆಸಿ ಸಮಾಧಾನ ಹೇಳಿ ಕಳುಹಿಸಿದ್ದಾಯಿತು. ಆದರೂ ಅದೇ ವರ್ಷದ ಮೇ ತಿಂಗಳಲ್ಲಿ ತೆರಿಗೆಯ ವಿಚಾರಕ್ಕೆ ಊರಿಗಿಬ್ಬರಂತೆ ಪ್ರತಿನಿಧಿಗಳನ್ನು ಕರೆಯುವ ಏರ್ಪಾಟಾಯಿತು.

1634ರ ವಸಂತದಲ್ಲಿ ನಡೆದುದನ್ನು ವಿಂಥ್ರಪ್ಪನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಊರೂರಿನಿಂದ ಇಬ್ಬಿಬ್ಬರಂತೆ ಬಂದ ಪೌರರು, ಎಂದರೆ ಕಂಪನಿಯ ಸದಸ್ಯರು, ಕೂಡಿ ಆಲೋಚಿಸಿ, ಸನ್ನದನ್ನು ತಾವು ಕಣ್ಣಾರೆ ನೋಡಬೇಕೆಂದರು. ನೋಡಿದರು, ಶಾಸನಗಳೆಲ್ಲವೂ ಮಹಾಸಭೆಯಲ್ಲಿಯೇ ಆಗತಕ್ಕವೆಂದು ತಿಳಿದುಕೊಂಡು ಗವರ್ನರನೆದುರಿಗೆ ಬಂದು ನಿಂತರು. ಸನ್ನದು ದೊರೆತಾಗ ಸದಸ್ಯರು ಕೆಲವರೇ ಇರುವರೆಂದು ಭಾವಿಸಲಾಗಿದ್ದಿತು, ಈಗ ಬಹುಮಂದಿ ಆಗಿದ್ದಾರೆ, ಅವರ ಪರವಾಗಿ ಶಾಸನ ಮಾಡಬಲ್ಲ ಯೋಗ್ಯರು ಸದ್ಯಕ್ಕೆ ಸಾಕಷ್ಟು ಇಲ್ಲ ಎಂದು ಅವನು ಉತ್ತರವಿತ್ತನು. ಆಳುವವರ ಈ ಉತ್ತರವನ್ನು ನಾವೂ ಕೇಳಿದ್ದೇವೆ. ಪೌರರು ಅದಕ್ಕೆ ಮಣಿಯಲಿಲ್ಲ. ಮೇ 14ರಂದು ಕೂಡಿದ ಮಹಾಸಭೆಯು ಶಾಸನ, ತೆರಿಗೆ, ಭೂಮಿಯ ವಿನಿಯೋಗ ಇವೆಲ್ಲ ತನಗೇ ಸೇರಿದವೆಂದು ವಿಧಿಸಿ, ಊರುಗಳ ಪ್ರತಿನಿಧಿಗಳಿಗೆ ಪೌರರ ಪರವಾಗಿ ಮತವೀಯುವ ಅಧಿಕಾರವನ್ನು ಕೊಟ್ಟು, ವಿಂಥ್ರಪ್ಪನ ಸ್ಥಾನಕ್ಕೆ ಥಾಮಸ್ ಡಡ್ಲಿಯನ್ನು ಆರಿಸಿತು. ಆದರೂ ವಿಂಥ್ರಪ್ಪನಲ್ಲಿ ನನಗೆ ಗೌರವವುಂಟು: ತನ್ನ ಅಧಿಕಾರವನ್ನು ಕುಗ್ಗಿಸುವ ಪತ್ರವನ್ನು ಅವನು ಪೆಟ್ಟಿಗೆಯಲ್ಲಿ ಬಚ್ಚಿಡಲಿಲ್ಲ.

ಈ ಪೌರರು ಯಾರೆಂಬುದನ್ನು ಮರೆಮಾಚುವುದು ಅಧರ್ಮವಾದೀತು. ಚರ್ಚಿನ ಸದಸ್ಯರಾದ ಪುರುಷರಿಗಲ್ಲದೆ ಪೌರತ್ವವಿರಲಿಲ್ಲ, ಸ್ತ್ರೀಯರಿಗೆ ಮತವಿರಲಿಲ್ಲ, ಆ ನೆಲದ ಮೂಲನಿವಾಸಿಗಳಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ, ಆದರೆ ಕಂಪನಿಯ ಮುದ್ರೆಯಲ್ಲಿ ಅವರಲ್ಲೊಬ್ಬನು ತಮ್ಮ ನೆರವಿಗೆ ಬನ್ನಿರೆಂದು ಬೇಡುವಂತೆ ಚಿತ್ರಿಸಲಾಗಿದ್ದಿತು. ಜೀವವನ್ನೂ ಸ್ವತ್ತನ್ನೂ ಕಾಪಾಡಲೆಂದು 1641ರಲ್ಲಿ ಅಂಗೀಕೃತವಾದ ಸ್ವಾತಂತ್ರ್ಯಸಂಹಿತೆಯೇ ಯುದ್ಧದಲ್ಲಿ ಸೆರೆಸಿಕ್ಕವರನ್ನೂ ಮಾರಲ್ಪಟ್ಟವರನ್ನೂ ಗುಲಾಮರನ್ನಾಗಿ ಇಟ್ಟುಕೊಳ್ಳಲು ಅವಕಾಶವಿತ್ತಿತು.

1684ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಸನ್ನದನ್ನು ರದ್ದುಗೊಳಿಸಿತು, ಮಹಾಸಭೆಯೂ ಹೋಯಿತು. ಅನಂತರ ದೊರೆಯಿಂದ ನಿಯುಕ್ತನಾಗಿ ಬಂದ ಗವರ್ನರ್ ಎಡ್ಮಂಡ್ ಆಂಡ್ರೋಸನು 1687ರಲ್ಲಿ ಜನಪ್ರತಿನಿಧಿಗಳ ಸಮ್ಮತಿಯಿಲ್ಲದೆ ತೆರಿಗೆ ಹೇರಿದಾಗ, ಇಪ್ಸ್‌ವಿಚ್ ಊರಿನವರು ಸಭೆ ಸೇರಿ, ಸನ್ನದೇ ಇಲ್ಲದ ಆ ಕಾಲದಲ್ಲಿಯೂ, ಅದನ್ನು ವಸೂಲುಮಾಡಲು ನೆರವಾಗೆವೆಂದರು. ಅವರ ಪಾದ್ರಿ ಜಾನ್ ವೈಸನು ಸೆರೆಮನೆಯನ್ನೂ 50 ಪೌಂಡಿನ ದಂಡವನ್ನೂ ಅನುಭವಿಸಿದನು. 1689ರ ಏಪ್ರಿಲಿನಲ್ಲಿ ಬಾಸ್ಟನ್ನಿನ ಜನರು ಎದ್ದು ಆಂಡ್ರೋಸನನ್ನು ಸೆರೆಹಿಡಿದರು. ಪ್ರತಿನಿಧಿಸಭೆಯನ್ನು ಮರಳಿ ಸ್ಥಾಪಿಸಲು ಇಪ್ಸ್‌ವಿಚ್ ಊರು ಕಳುಹಿಸಿದ್ದು ಅದೇ ಜಾನ್ ವೈಸನನ್ನು.