ಗೆಲ್ಲುವ ಯಂತ್ರದ ಬಾಗಿಲಿಗೆ ಬೀಗವಿಲ್ಲ

ಚದುರಂಗದಲ್ಲಿ ಇಂದು ಮನುಷ್ಯರನ್ನೆಲ್ಲ ಮೀರಿಸಿ ನಿಂತಿರುವ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ನಿಮಗೆ ಗೊತ್ತಿರಬಹುದು. ವಿಶ್ವ ಚಾಂಪಿಯನ್ನರೂ ಅದರೆದುರು ಗೆಲ್ಲುವ ಆಸೆ ಇಟ್ಟುಕೊಳ್ಳುವುದಿಲ್ಲ, ಅದರಿಂದ ಕಲಿಯುತ್ತಾರೆ. ಅದರ ಬೆಲೆ ಎಷ್ಟು? ಒಂದು ರೂಪಾಯಿಯೂ ಇಲ್ಲ. ಅದು ಯಾವ ಕಂಪನಿಯ ಆಸ್ತಿ? ಯಾವುದರದ್ದೂ ಅಲ್ಲ. ಅದರ ಕೋಡಿನ ಒಂದೊಂದು ಸಾಲನ್ನೂ ನೀವು ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದರೆ ನಿಮ್ಮ ತಿದ್ದುಪಡಿಯನ್ನೂ ಹಾಗೆಯೇ ತೆರೆದಿಡಬೇಕು. ಅಷ್ಟೇ ಕರಾರು.

1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಮಣಿಸಿದ ಡೀಪ್ ಬ್ಲೂ ಕಂಪ್ಯೂಟರಿನ ಹಿಂದೆ ಐಬಿಎಂನ ಹಣವಿತ್ತು, ಚದುರಂಗಕ್ಕೆಂದೇ ತಯಾರಾದ 480 ಚಿಪ್‌ಗಳಿದ್ದವು. ಸ್ಟಾಕ್‌ಫಿಶ್‌ಗೆ ಅಂಥ ಮನೆತನವಿಲ್ಲ. ನಾರ್ವೆಯ ಟಾರ್ಡ್ ರೋಮ್‌ಸ್ಟಾಡ್ ಗ್ಲೌರಂಗ್ ಎಂಬ ತಂತ್ರಾಂಶ ಬರೆದು ಅದರ ಕೋಡನ್ನು ಜಗತ್ತಿನ ಕೈಗಿಟ್ಟರು. 2008ರಲ್ಲಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅದನ್ನೆತ್ತಿಕೊಂಡು ಸ್ಟಾಕ್‌ಫಿಶ್ ಎಂದು ಹೊಸ ಹೆಸರಿಟ್ಟು ಬೆಳೆಸಿದರು. ಫಿನ್ಲೆಂಡಿನ ಯೋನಾ ಕೀಸ್ಕಿ ಜೊತೆಯಾದರು.

ಆದರೆ ನನ್ನ ಮಟ್ಟಿಗೆ ನಿಜವಾದ ಕ್ರಾಂತಿ ನಡೆದದ್ದು 2013ರಲ್ಲಿ, ಗ್ಯಾರಿ ಲಿನ್‌ಸ್ಕಾಟ್ ಫಿಶ್‌ಟೆಸ್ಟ್ ಎಂಬ ಪರೀಕ್ಷಾ ವ್ಯವಸ್ಥೆ ಕಟ್ಟಿದಾಗ. ನಿಮಗೊಂದು ಉಪಾಯ ಹೊಳೆಯಿತು ಎನ್ನಿ. ಕೋಡಿನಲ್ಲಿ ನಾಲ್ಕು ಸಾಲು ಬದಲಿಸಿ ಕಳಿಸುತ್ತೀರಿ. ಆಗ ಹಳೆಯ ಸ್ಟಾಕ್‌ಫಿಶ್ ಒಂದು ಕಡೆ, ನಿಮ್ಮ ಸ್ಟಾಕ್‌ಫಿಶ್ ಇನ್ನೊಂದು ಕಡೆ ಕೂತು, ಮೊದಲು ಹತ್ತು ಸೆಕೆಂಡಿನ ಆಟ, ಅದರಲ್ಲಿ ಪಾಸಾದರೆ ಒಂದು ನಿಮಿಷದ ಆಟ ಎಂದು, ಎಲ್ಲೆಲ್ಲಿಯೋ ಇರುವ ಸ್ವಯಂಸೇವಕರು ಬಿಟ್ಟುಕೊಟ್ಟ ಕಂಪ್ಯೂಟರುಗಳಲ್ಲಿ, ಸಾವಿರ ಸಾವಿರ ಆಟ ಆಡುತ್ತವೆ. ತೀರ್ಪು ಕೊಡುವುದು ಸಂಖ್ಯಾಶಾಸ್ತ್ರ. ಅಲ್ಲಿ ನಿಮ್ಮ ಜಾತಿ ಕೇಳುವವರಿಲ್ಲ. ನಿಮ್ಮ ಕಾಲೇಜು ಯಾವುದೆಂದು ಕೇಳುವವರಿಲ್ಲ. ಶಿಫಾರಸು ಪತ್ರ ಬೇಕಿಲ್ಲ. ನಿಮ್ಮ ಕೋಡ್ ಗೆಲ್ಲಬೇಕು!

ಮೊದಲೇ ಹೇಳಿಬಿಡುತ್ತೇನೆ, ಹೆಚ್ಚಿನ ಸಲಹೆಗಳು ಸೋಲುತ್ತವೆ. ಅನುಭವಿಗಳದ್ದೂ ಸೋಲುತ್ತವೆ. ಗೆದ್ದರೂ ಸಿಗುವುದು ಬಹುಪಾಲು ಆಟದ ಬಲ ಅಳೆಯುವ ಎಲೋ ಪದ್ಧತಿಯ ಒಂದೆರಡು ಅಂಕ. ಹನಿ ಹನಿಗೂಡಿಯೇ ಈ ಹಳ್ಳ ಹರಿದದ್ದು.

2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಸ್ಟಾಕ್‌ಫಿಶ್ ಬಳಗಕ್ಕೊಂದು ಪೆಟ್ಟು ಕೊಟ್ಟಿತು. ತಾನೇ ತನ್ನೊಡನೆ ಆಡಿ ಕಲಿತ ಆಲ್ಫಾಝೀರೋ ನೂರು ಆಟಗಳಲ್ಲಿ 28 ಗೆದ್ದು, 72 ಡ್ರಾ ಮಾಡಿ, ಸ್ಟಾಕ್‌ಫಿಶ್‌ಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಅದರ ಪ್ರಬಂಧ ಹೊರಬಂತು, ಕೋಡ್ ಬರಲಿಲ್ಲ. ಮುಕ್ತ ತಂತ್ರಾಂಶದವರು ಕೈಚೆಲ್ಲಿ ಕೂತರೇ? ಇಲ್ಲ! ಪ್ರಬಂಧ ಓದಿಕೊಂಡೇ 2018ರಲ್ಲಿ ಲೀಲಾ ಚೆಸ್ ಝೀರೋ ಎಂಬ ಮುಕ್ತ ತಂತ್ರಾಂಶ ಕಟ್ಟಿದರು. ಅದೇ ವರ್ಷ ಜಪಾನಿನಲ್ಲಿ, ಅಲ್ಲಿನ ಚದುರಂಗವಾದ ಶೋಗಿಗಾಗಿ ಯು ನಾಸು ಸಾಧಾರಣ ಕಂಪ್ಯೂಟರಿನಲ್ಲೂ ಓಡುವ ಪುಟ್ಟ ನರಜಾಲವೊಂದನ್ನು (ನ್ಯೂರಲ್ ನೆಟ್‌ವರ್ಕ್) ರೂಪಿಸಿದ್ದರು. 2020ರಲ್ಲಿ ಅದು ಸ್ಟಾಕ್‌ಫಿಶ್‌ನೊಳಗೆ ಬಂತು. ಆ ಜಾಲಕ್ಕೆ ಮುಂದೆ ಪಾಠ ಹೇಳಲು ಬಳಕೆಯಾದ ಆಟಗಳು ಯಾರವು ಗೊತ್ತೇ? ಬಹಳಷ್ಟು ಎದುರಾಳಿ ಲೀಲಾಳವು! ಕಣದಲ್ಲಿ ಸೆಣಸುವವರು ಕಣದಾಚೆ ಹಂಚಿಕೊಳ್ಳುತ್ತಾರೆ. 2023ರಲ್ಲಂತೂ, ಪಟ ನೋಡಿ ಬೆಲೆ ಕಟ್ಟಲು ವರ್ಷಗಟ್ಟಲೆ ಕೈಯಾರೆ ಬರೆದಿದ್ದ ಕೋಡನ್ನು, ಇನ್ನು ಆ ಜಾಲವೇ ಸಾಕೆಂದು, ಸ್ಟಾಕ್‌ಫಿಶ್‌ನವರೇ ಕಿತ್ತುಹಾಕಿದರು. ತನ್ನ ಬೆವರನ್ನೇ ಅಳಿಸುವ ಆ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಈ ಆಟ ನಮಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ಒಂದೊಂದು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಪಟವನ್ನೆಲ್ಲ ಸುತ್ತುವ ಬಂಧಗಳನ್ನು ಹೆಣೆದರು, ಕಂಪ್ಯೂಟರೇ ಇಲ್ಲದ ಕಾಲದಲ್ಲಿ. ಚದುರಂಗದ ಇತಿಹಾಸ ಬರೆದವರು ಅವನ್ನು ಇಂದಿಗೂ ನೆನೆಯುತ್ತಾರೆ. ಅಂಥ ನೆಲದ ಮಕ್ಕಳು ನಾವು ಡೌನ್‌ಲೋಡ್ ಮಾಡಿಕೊಂಡು ಸುಮ್ಮನಾಗಬೇಕೇ? ಊರೂರಿಗೆ ಎಂಜಿನಿಯರಿಂಗ್ ಕಾಲೇಜುಗಳಿವೆ, ಲ್ಯಾಬಿನಲ್ಲಿ ರಾತ್ರಿಯಿಡೀ ಸುಮ್ಮನಿರುವ ಕಂಪ್ಯೂಟರುಗಳಿವೆ, ಎಲ್ಲೆಲ್ಲಿಂದಲೋ ನಕಲು ಮಾಡಿ ಒಪ್ಪಿಸುವ ಫೈನಲ್ ಇಯರ್ ಪ್ರಾಜೆಕ್ಟುಗಳಿವೆ (ಮುನಿಸಿಕೊಳ್ಳಬೇಡಿ, ನಿಮಗೂ ಗೊತ್ತು). ಜಗತ್ತು ಬಿಟ್ಟಿಯಾಗಿ ಕೊಟ್ಟದ್ದನ್ನು ಇಷ್ಟು ವರ್ಷ ಉಂಡೆವಲ್ಲ, ನಮ್ಮ ಪಾಲು ಎಲ್ಲಿ?

ಸಣ್ಣದರಿಂದ ಶುರುಮಾಡಿ. ಪಟದಲ್ಲಿ 64 ಮನೆ, ಇಂದಿನ ಕಂಪ್ಯೂಟರಿನ ಒಂದು ಸಂಖ್ಯೆಯಲ್ಲಿ 64 ಬಿಟ್. ಮನೆಗೊಂದು ಬಿಟ್ ಇಟ್ಟರೆ ಬಿಳಿಯ ಕಾಲಾಳುಗಳೆಲ್ಲ ಎಲ್ಲೆಲ್ಲಿವೆ ಎಂಬುದು ಒಂದೇ ಸಂಖ್ಯೆಯಲ್ಲಿ ಅಡಗುತ್ತದೆ! ಈ ಒಂದು ಸೊಗಸು ಹಿಡಿದುಕೊಂಡು ಕುದುರೆಯ ನಡೆಗಳನ್ನು ಲೆಕ್ಕಹಾಕುವ ಪ್ರೋಗ್ರಾಮ್ ಬರೆಯಿರಿ. ಆಮೇಲೆ ಆನೆ, ಆಮೇಲೆ ಮಂತ್ರಿ. ಅದು ಸರಿಯಾಗಿ ನಡೆದ ದಿನ ಸ್ಟಾಕ್‌ಫಿಶ್‌ನ ಕೋಡ್ ತೆರೆಯಿರಿ. ಅದಿರುವುದು ಸಿ++ನಲ್ಲಿ, ನಿಮ್ಮ ಸಿಲಬಸ್ಸಿನಲ್ಲೇ ಇರುವ ಭಾಷೆ. ನಾಲ್ವರು ಸೇರಿ ಕೂತು ಓದಿ, ಅರ್ಥವಾಗದ್ದನ್ನು ಕನ್ನಡದಲ್ಲೇ ಜಗಳವಾಡಿ ಬಿಡಿಸಿಕೊಳ್ಳಿ, ಒಂದು ಬದಲಾವಣೆ ಮಾಡಿ, ಪರೀಕ್ಷೆಗೆ ಕಳಿಸಿ.

ಸೋತಿತೇ? ಮುಂದಿನದನ್ನು ಕಳಿಸಿ.