ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯಲಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



"ನೀವು ನರ್ಸ್ ಇದ್ದೀರಿ, ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದು ಸಮಿತಿಯವರು ಕೇಳಿದರು. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹದಿಹರೆಯದವರಿಗೆ ಬರುವ ಕ್ಯಾನ್ಸರ್ ಬಗ್ಗೆ ಮಾತಾಡುತ್ತೇನೆ. ಹಬ್ಬದಂಥ ದಿನ ಈ ಮಾತು ಯಾಕೆ ಎನ್ನಬೇಡಿ. 2011ರಲ್ಲಿ ನಾನು ಇದೇ ಶಾಲೆಯ ಹತ್ತನೇ ತರಗತಿಯಲ್ಲಿದ್ದಾಗ ನನಗೆ ರಕ್ತದ ಕ್ಯಾನ್ಸರ್ ಆಗಿತ್ತು. ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಆ ರೋಗ ವಾಸಿಯಾಗುತ್ತದೆ ಎಂದು ನಂಬಲು ನಮ್ಮ ಊರಿಗೆ ಒಂದು ಉದಾಹರಣೆ ಬೇಕಿದ್ದರೆ, ನಾನೇ ಇದ್ದೇನೆ.

ಕ್ಯಾನ್ಸರ್ ಎಂದ ಕೂಡಲೆ ನಾವು ತಂಬಾಕು, ಗುಟಕಾ, ವಯಸ್ಸಾದವರು ಎಂದುಕೊಳ್ಳುತ್ತೇವೆ. ಹದಿನಾಲ್ಕು, ಹದಿನೈದರ ಮಕ್ಕಳಿಗೆ ಬರುವ ಕ್ಯಾನ್ಸರುಗಳೇ ಬೇರೆ. ರಕ್ತದ್ದು, ಕುತ್ತಿಗೆ ಕಂಕುಳಲ್ಲಿ ಗಡ್ಡೆಯಾಗಿ ಕಾಣುವ ದುಗ್ಧಗ್ರಂಥಿಯದ್ದು, ಮೊಣಕಾಲಿನ ಹತ್ತಿರದ ಎಲುಬಿನದು, ಮೆದುಳಿನದು. ಇವು ಚಟದಿಂದ ಬಂದವಲ್ಲ. ಯಾರ ಪಾಪದಿಂದಲೂ ಬಂದವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ರಕ್ತದ ಕ್ಯಾನ್ಸರ್ ಎಂದರೆ ತೊಗರಿ ಹೊಲದಲ್ಲಿ ಕಸ ಬೆಳೆದ ಹಾಗೆ. ಎಲುಬಿನ ಒಳಗಿನ ಮಜ್ಜೆಯಲ್ಲಿ ಕೆಟ್ಟ ಕಣಗಳು ತುಂಬಿ, ಒಳ್ಳೆಯ ರಕ್ತ ಬೆಳೆಯಲು ಜಾಗ ಉಳಿಯುವುದಿಲ್ಲ. ಅದಕ್ಕೇ ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಡುವುದಿಲ್ಲ, ಒಸಡಿನಲ್ಲಿ ರಕ್ತ ಬರುತ್ತದೆ, ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ ಏಳುತ್ತವೆ.

ನನಗೂ ಹಾಗೇ ಆಯಿತು. ಎರಡು ತಿಂಗಳು ಜ್ವರ ಬಂದು ಹೋಗಿ ಮಾಡಿತು. ಕಾಲಿನ ಮೇಲೆ ಕಲೆ ಕಂಡಾಗ ನಮ್ಮವ್ವ, "ಬೆಂಚಿಗಿ ಬಡದಿರಬೇಕು" ಅಂದಳು. ಕಲಬುರಗಿಯಲ್ಲಿ ರಕ್ತ ಪರೀಕ್ಷೆ ಮಾಡಿದ ದಿನವೇ ಡಾಕ್ಟರು ಬೆಂಗಳೂರಿನ ಕಿದ್ವಾಯಿಗೆ ಹೋಗಿ ಎಂದು ಚೀಟಿ ಬರೆದರು. ಅಪ್ಪನ ಹತ್ತಿರ ಮೂರು ಎಕರೆ ಒಣಬೇಸಾಯ. ಅದನ್ನು ಮಾರುವ ಮಾತು ಆ ರಾತ್ರಿಯೇ ಮನೆಯಲ್ಲಿ ನಡೆಯಿತು. ಅದು ಉಳಿದದ್ದು ಬಿಪಿಎಲ್ ಕಾರ್ಡಿನಿಂದ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದೇ ನಮ್ಮ ಗುಲಬರ್ಗಾ ವಿಭಾಗದಲ್ಲಿ. ನನ್ನ ಚಿಕಿತ್ಸೆ ಅದರಲ್ಲೇ ನಡೆಯಿತು. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಿದ್ದವರಿಗೂ ಟಿಕೆಟ್ ರಿಯಾಯಿತಿ ಇದೆ. ಕಿದ್ವಾಯಿಯ ಒಂದು ಕೇಂದ್ರ ಕಲಬುರಗಿಯಲ್ಲೇ ಇದೆ. ಹೊಲ ಮಾರುವ ಮುಂಚೆ ಇವನ್ನೆಲ್ಲ ವಿಚಾರಿಸಿ.

ನನ್ನ ರೋಗದ ಚಿಕಿತ್ಸೆ ಎರಡೂವರೆ ವರ್ಷದ್ದು. ಮೊದಲ ಏಳೆಂಟು ತಿಂಗಳು ಬಹಳ ಕಠಿಣ. ಸಲಾಯಿನ್, ಬೆನ್ನಿನಲ್ಲಿ ಸೂಜಿ, ಬಾಯಲ್ಲಿ ಹುಣ್ಣು. ನನ್ನ ಜಡೆ ಸೊಂಟದವರೆಗೆ ಇತ್ತು. ಮೂರನೇ ವಾರ ದಿಂಬಿನ ಮೇಲೆ ಉಳಿಯಿತು. ಹದಿನೈದರ ಹುಡುಗಿಗೆ ಸಾವಿಗಿಂತ ಅದೇ ದೊಡ್ಡ ಭಯ. ದೊಡ್ಡವರಿಗೆ ಇದು ತಿಳಿಯುವುದಿಲ್ಲ, "ಕೂದಲ ಬರ್ತಾವ ಬಿಡು" ಎಂದು ಬಿಡುತ್ತಾರೆ. ಬರುತ್ತವೆ, ನಿಜ. ಆದರೆ ಬರುವ ತನಕ ಆ ಮಗು ಕನ್ನಡಿ ನೋಡಬೇಕಲ್ಲ! 2012ರ ಫೆಬ್ರುವರಿಯಲ್ಲಿ ಯುವರಾಜ್ ಸಿಂಗ್ ಕ್ಯಾನ್ಸರ್ ಚಿಕಿತ್ಸೆಗೆ ಅಮೆರಿಕಕ್ಕೆ ಹೋದ ಸುದ್ದಿ ಬಂತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆಲ್ಲಿಸಿದವರು. ಅವರ ಬೋಳು ತಲೆಯ ಫೋಟೋವನ್ನು ನಮ್ಮ ವಾರ್ಡಿನ ಹುಡುಗರು ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದರು. ಅದೇ ಸೆಪ್ಟೆಂಬರಿನಲ್ಲಿ ಅವರು ಚೆನ್ನೈಯಲ್ಲಿ ಮತ್ತೆ ಭಾರತಕ್ಕೆ ಆಡಿದರು. ನಮಗೆ ಡಾಕ್ಟರರ ಮಾತಿಗಿಂತ ಆ ಫೋಟೋ ಹೆಚ್ಚು ಧೈರ್ಯ ಕೊಟ್ಟಿತು.

ಮುಖ್ಯ ಮಾತು ಇಲ್ಲಿದೆ, ದಯವಿಟ್ಟು ಗಮನ ಕೊಡಿ. ಆ ಕಠಿಣ ತಿಂಗಳು ಮುಗಿದ ಮೇಲೆ ಸುಮಾರು ಎರಡು ವರ್ಷ ಗುಳಿಗೆಯ ಕಾಲ. ದಿನಾ ಒಂದು ಗುಳಿಗೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು. ಈ ಮೆಥೊಟ್ರೆಕ್ಸೇಟಿನ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆ ಇದೆ. ಅಮೆರಿಕದ ಔಷಧ ಕಂಪನಿಯಲ್ಲಿ ಅವರ ತಂಡ ತಯಾರಿಸಿದ ಇಂಥದೇ ಇನ್ನೊಂದು ಔಷಧಿಯನ್ನು ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 1948ರಲ್ಲಿ ಅದರ ಫಲ ಪ್ರಕಟಿಸಿದರು. ಅದಕ್ಕೆ ಮುಂಚೆ ಈ ರೋಗಕ್ಕೆ ಮದ್ದೇ ಇರಲಿಲ್ಲ.

ಈ ಗುಳಿಗೆಯ ಕಾಲದಲ್ಲಿ ಮಗು ನೋಡಲು ಆರಾಮಾಗಿರುತ್ತದೆ. ಕೂದಲು ಬಂದಿರುತ್ತದೆ, ಮೈ ತುಂಬಿರುತ್ತದೆ. "ಆರಾಮಾಗ್ಯಾನಲ್ಲ, ಮತ್ತ್ಯಾಕ ಬೆಂಗಳೂರ?" ಎಂಬ ಮಾತು ಮನೆಯಲ್ಲಿ ಏಳುತ್ತದೆ. ನನ್ನ ಪಕ್ಕದ ಮಂಚದಲ್ಲಿದ್ದ ಹುಡುಗ ಬೇರೆ ತಾಲೂಕಿನವನು, ನನಗಿಂತ ಒಂದು ವರ್ಷ ದೊಡ್ಡವನು. ಔಷಧಿ ಅವನಿಗೆ ನನಗಿಂತ ಚೆನ್ನಾಗಿ ಹಿಡಿದಿತ್ತು. ರಾಶಿಯ ಕಾಲಕ್ಕೆ ಊರಿಗೆ ಹೋದವನು ಆರು ತಿಂಗಳು ಬರಲಿಲ್ಲ. ತಿರುಗಿ ಬಂದಾಗ ರೋಗವೂ ತಿರುಗಿತ್ತು. ಅವನು ಉಳಿಯಲಿಲ್ಲ. ಹೊರಗಿನ ಕಸ ಕಿತ್ತ ಮಾತ್ರಕ್ಕೆ ಬೇರು ಹೋಗುವುದಿಲ್ಲ ಎಂಬುದು ರೈತರಾದ ನಿಮಗೆ ನಾನು ಹೇಳಬೇಕಾದ್ದಲ್ಲ.

ಹದಿನಾರರಿಂದ ಇಪ್ಪತ್ತರವರಿಗೆ ಇನ್ನೊಂದು ತೊಡಕಿದೆ. ಇವರು ಮಕ್ಕಳ ವಾರ್ಡಿಗೆ ದೊಡ್ಡವರು, ದೊಡ್ಡವರ ವಾರ್ಡಿಗೆ ಚಿಕ್ಕವರು. ನನ್ನಂಥ ರೋಗವಿದ್ದ ಈ ವಯಸ್ಸಿನ 321 ಜನರ ಬಗ್ಗೆ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮಕ್ಕಳ ಕ್ರಮದಲ್ಲಿ ಚಿಕಿತ್ಸೆ ಪಡೆದವರಲ್ಲಿ ಏಳು ವರ್ಷದ ನಂತರ ನೂರಕ್ಕೆ 67 ಮಂದಿ ಬದುಕಿದ್ದರು, ದೊಡ್ಡವರ ಕ್ರಮದಲ್ಲಿ ಪಡೆದವರಲ್ಲಿ 46. ಆದ್ದರಿಂದ, "ಸಾಹೇಬ್ರ, ನಮ್ಮ ಹುಡುಗನಿಗೆ ಮಕ್ಕಳ ಕ್ರಮ ನಡೀತದೇನ್ರಿ?" ಎಂದು ಕೇಳಲು ಹಿಂಜರಿಯಬೇಡಿ. ಗಂಡು ಹುಡುಗರ ತಂದೆತಾಯಿ ಇನ್ನೂ ಒಂದು ಕೇಳಬೇಕು. ಕೆಲವು ಔಷಧಿಗಳಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ಔಷಧಿ ಶುರುವಾಗುವ ಮುಂಚೆ ವೀರ್ಯವನ್ನು ತೆಗೆದಿಡುವ ವ್ಯವಸ್ಥೆ ದೊಡ್ಡ ನಗರಗಳಲ್ಲಿದೆ. ನಾಚಿಕೆ ಪಟ್ಟು ಬಿಟ್ಟರೆ ಆಮೇಲೆ ಕಾಲ ಮಿಂಚಿರುತ್ತದೆ.

ಈಗ ನಮ್ಮ ಶಾಲೆಯ ಮಾತು. ನಾನು ಆ ವರ್ಷ ಎಸ್ಸೆಸ್ಸೆಲ್ಸಿ ಬರೆಯಲಿಲ್ಲ. ಗುರುಗಳು ಅಪ್ಪನಿಗೆ ಹೇಳಿದ್ದು ಒಂದೇ: "ಟಿ.ಸಿ. ಕೇಳಬ್ಯಾಡ್ರಿ. ಅಕಿ ನಮ್ಮ ಹುಡುಗಿ, ಬರ್ತಾಳ." ಗೆಳತಿಯರು ಸರದಿಯಂತೆ ನೋಟ್ಸ್ ಬರೆದು, ಬೆಂಗಳೂರಿಗೆ ಹೊರಟವರ ಕೈಯಲ್ಲಿ ಕಳಿಸಿದರು. ಒಬ್ಬಳ ಅಕ್ಷರ ದುಂಡಗೆ, ಒಬ್ಬಳದು ಕೋಳಿ ಕೆದರಿದ ಹಾಗೆ; ಓದುವಾಗ ಅವರವರ ದನಿ ಕೇಳಿದ ಹಾಗಾಗುತ್ತಿತ್ತು. ತಲೆಗೆ ವಸ್ತ್ರ ಕಟ್ಟಿಕೊಂಡು ತರಗತಿಗೆ ಮರಳಿದಾಗ, ರೋಗ ಅಂಟುತ್ತದೆ ಎಂದು ಪಾಲಕರೊಬ್ಬರು ತಕರಾರು ತೆಗೆದರು. ವಿಜ್ಞಾನದ ಗುರುಗಳು ಅವರನ್ನು ಕೂರಿಸಿ, ಚಹಾ ಕುಡಿಸಿ, ಅರ್ಧ ತಾಸು ತಿಳಿಸಿ ಹೇಳಿದರು. ಮರುದಿನ ಅವರ ಮಗಳೇ ನನ್ನ ಪಕ್ಕದಲ್ಲಿ ಕುಳಿತಳು. 2013ರಲ್ಲಿ ಪರೀಕ್ಷೆ ಬರೆದು ಪಾಸಾದೆ. ಮುಂದೆ ನರ್ಸಿಂಗ್ ಓದಿದೆ. ಔಷಧಿ ನನ್ನ ರಕ್ತವನ್ನು ಸರಿ ಮಾಡಿತು. ಗುಳಿಗೆ ನುಂಗಲು ಮನಸ್ಸು ಕೊಟ್ಟದ್ದು ಹಾಜರಿ ಪುಸ್ತಕದಲ್ಲಿ ಉಳಿದ ಆ ಹೆಸರು.

ಊರಿನ ಹಿರಿಯರಿಗೆ ಒಂದು ಬೇಡಿಕೆ. "ಹೆಣ್ಣ ಹುಡುಗಿ, ಹೊರಗ ಹೇಳಬ್ಯಾಡ್ರಿ, ನಾಳಿಗಿ ಯಾರ ಮಾಡಿಕೋತಾರ" ಎಂಬ ಮಾತಿನಿಂದ ಎಷ್ಟೋ ಹುಡುಗಿಯರ ಚಿಕಿತ್ಸೆ ತಡವಾಗುತ್ತದೆ. ನನಗೆ ಮದುವೆಯಾಗಿದೆ, ಮಗಳಿದ್ದಾಳೆ. ಮನೆಯವರಿಗೆ ಎಲ್ಲ ಹೇಳಿಯೇ ಆದ ಮದುವೆ. ಮದುವೆ ಆಗದೇ ಇದ್ದಿದ್ದರೂ ಈ ಮಾತನ್ನು ಇಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೆ. ಮೊದಲು ಹುಡುಗಿ ಬದುಕಬೇಕು.

ಕೊನೆಯದಾಗಿ ನೆನಪಿಡಬೇಕಾದ ಕೆಲವು ಮಾತು.

ಮೂರು ವಾರ ಬಿಡದ ಜ್ವರ, ಕುತ್ತಿಗೆಯ ಗಡ್ಡೆ, ಕಾರಣವಿಲ್ಲದ ನೀಲಿ ಕಲೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ರಾತ್ರಿ ಎಬ್ಬಿಸುವ ಮೊಣಕಾಲು ನೋವಿಗೆ, ಬಾವಿಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಕ್ಸ್‌ರೇ ತೆಗೆಸಿ.

ಚಿಕಿತ್ಸೆಯಲ್ಲಿರುವ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗುವ ತನಕ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ.

ದೇವರಿಗೆ ಹರಕೆ ಹೊರಿ. ಗಾಣಗಾಪುರಕ್ಕೆ ಹೋಗಿ, ಬಂದೇನವಾಜರ ದರ್ಗಾಕ್ಕೂ ಹೋಗಿ. ನಮ್ಮವ್ವನೂ ಹೋಗಿದ್ದಳು. ಆದರೆ ಗುಳಿಗೆಯ ಡಬ್ಬಿ ಕೈಚೀಲದಲ್ಲಿರಲಿ.

ಗುರುಗಳೆ, ಅಂಥ ಮಗುವಿನ ಹೆಸರು ತೆಗೆಯಬೇಡಿ. ಹಾಜರಾತಿಯ ಬಗ್ಗೆ ವೈದ್ಯರ ಪತ್ರ ಇಟ್ಟು ಬಿಇಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮಾರ್ಚ್ ಪರೀಕ್ಷೆ ತಪ್ಪಿದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಈಗ ಇದೆ.

ವಿದ್ಯಾರ್ಥಿಗಳೆ, ನಿಮ್ಮ ಗೆಳೆಯ ಆಸ್ಪತ್ರೆಯಲ್ಲಿದ್ದರೆ "ಹೆಂಗಿದ್ದಿ" ಎಂದು ಮಾತ್ರ ಕೇಳಬೇಡಿ. ಇವತ್ತು ಶಾಲೆಯಲ್ಲಿ ಏನಾಯಿತು ಅದನ್ನು ಹೇಳಿ. ಅವನಿಗೆ ಬೇಕಾದದ್ದು ಅದೇ.

ಐವತ್ತು ವರ್ಷ ನಮ್ಮೂರ ಮಕ್ಕಳ ಹೆಸರು ಕೂಗಿದ ಈ ಶಾಲೆಗೆ, ನನ್ನ ಹೆಸರನ್ನೂ ಬಿಡದೆ ಕೂಗಿದ ಗುರುಗಳಿಗೆ ನನ್ನ ನಮಸ್ಕಾರ.