ಕೋಳಿಮನೆಯ ಗಾಳಿ



ನಿಪ್ಪಾಣಿ ತಾಲ್ಲೂಕಿನ ಭೋಜ ವೇದಗಂಗಾ, ದೂಧಗಂಗಾ ನದಿಗಳು ಕೂಡುವ ಊರು. ಜೈನ ಮುನಿ ಆಚಾರ್ಯ ಶಾಂತಿಸಾಗರರ ಊರೆಂದು ಜೈನರಿಗೆಲ್ಲ ಗೊತ್ತು. ಅದರ ಹೆಸರೆತ್ತಿ ಕೋಳಿ ಶೆಡ್ಡಿನ ಮಾತಾಡಿದರೆ ಕೆಲವರಿಗೆ ಇರಿಸುಮುರಿಸಾದೀತು. ಆದರೂ ಇಲ್ಲಿಂದಲೇ ಶುರು ಮಾಡುತ್ತೇನೆ. ಎರಡು ಹೊಳೆ, ಸುತ್ತ ಕಬ್ಬು, ಏಪ್ರಿಲ್ಲಿನ ಒಣ ಬಿಸಿಲು, ಜೂನಿನ ಜಿಗುಟು ಸೆಕೆ ಎಲ್ಲವೂ ಇರುವ ಈ ಸೀಮೆಯಲ್ಲಿ ಶೆಡ್ಡು ಕಟ್ಟುವವರು ಗಾಳಿಯ ಲೆಕ್ಕ ಹಾಕದೆ ವಿಧಿಯಿಲ್ಲ.

ಕೋಳಿ ಬೆವರುವುದಿಲ್ಲ. ಅದರ ಮೈ ಶಾಖ 41 ಡಿಗ್ರಿಯ ಆಸುಪಾಸು. ಸೆಕೆಯಾದರೆ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ತೇಕುತ್ತದೆ. ಉಸಿರಿನ ಜೊತೆ ನೀರು ಆವಿಯಾಗುವಾಗ ಮೈಯ ಶಾಖವೂ ಹೊರಗೆ ಹೋಗುತ್ತದೆ. ಸುತ್ತಲಿನ ಗಾಳಿಯಲ್ಲೇ ತೇವ ತುಂಬಿದ್ದರೆ ಆ ದಾರಿಯೂ ಮುಚ್ಚಿದಂತೆ. ಹಾಗಾಗಿಯೇ ಒಣ ಹವೆಯ 38 ಡಿಗ್ರಿಯನ್ನು ತಾಳಿಕೊಂಡ ಹಿಂಡು ಮಳೆಗೆ ಮುಂಚಿನ 34 ಡಿಗ್ರಿಯಲ್ಲಿ ಸೋಲಬಹುದು. ಗೋಡೆಯ ಮೇಲಿನ ಥರ್ಮಾಮೀಟರ್ ಒಂದನ್ನೇ ನಂಬುವವರು ಮೋಸಹೋಗುವುದು ಇಲ್ಲೇ.

ತೇವ ಹೊರಗಿನಿಂದಷ್ಟೇ ಬರುವುದಿಲ್ಲ. ಐದು ವಾರದ ಸಾವಿರ ಕೋಳಿ ದಿನಕ್ಕೆ ಸುಮಾರು 300 ಲೀಟರ್ ನೀರು ಕುಡಿಯುತ್ತವೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅದರ ಬಹುಪಾಲು ಉಸಿರಾಗಿ, ಹಿಕ್ಕೆಯಾಗಿ ಶೆಡ್ಡಿನೊಳಗೇ ಬೀಳುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ತೊಯ್ದರೆ ಅಮೋನಿಯಾ ಏಳುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 25 ಪಾಲು ದಾಟಿದರೆ ಕೋಳಿಯ ಕಣ್ಣು, ಶ್ವಾಸನಾಳ ಎರಡಕ್ಕೂ ಪೆಟ್ಟು. ದಿನವೂ ಒಳಗೇ ಓಡಾಡುವವರ ಮೂಗಿಗೆ ಆ ವಾಸನೆ ರೂಢಿಯಾಗಿಬಿಡುತ್ತದೆ, ಹೊರಗಿನವರೊಬ್ಬರು ಬಂದು ಮೂಗು ಮುಚ್ಚಿಕೊಂಡಾಗಲೇ ಅರಿವಾಗುವುದು.

ಚಳಿಗಾಲದಲ್ಲಿ ಆಗುವ ತಪ್ಪೂ ಈ ಕೆಟ್ಟ ಗಾಳಿಗೇ ಅಂಟಿಕೊಂಡದ್ದು. ಮೊದಲ ದಿನದ ಮರಿಗೆ 32ರಿಂದ 34 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಹೋಗಬೇಕು. ಶಾಖ ಉಳಿಸಲೆಂದು ಶೆಡ್ಡಿನ ಬದಿಯ ಪರದೆಗಳನ್ನೆಲ್ಲ ಬಿಗಿಯಾಗಿ ಕಟ್ಟಿ, ಒಳಗೆ ಇದ್ದಿಲ ಒಲೆ ಹಚ್ಚಿ ಮಲಗುವವರಿದ್ದಾರೆ. ಮರಿ ಬೆಚ್ಚಗಿರುತ್ತದೆ ನಿಜ, ಆದರೆ ಉಸಿರಾಡುವುದು ಹೊಗೆಯನ್ನು. ಪರದೆಯನ್ನು ಕೆಳಗಿನಿಂದ ಎತ್ತದೆ ಮೇಲಿನಿಂದ ಇಳಿಸಬೇಕು. ಆಗ ತಣ್ಣನೆಯ ಗಾಳಿ ಮರಿಗಳ ಮೇಲೆ ನೇರ ಬೀಳದೆ, ಸೂರಿನಡಿಯ ಬಿಸಿಯಲ್ಲಿ ಬೆರೆತು ಇಳಿಯುತ್ತದೆ. ಮರಿಗಳೇ ಹೇಳುತ್ತವೆ ನೋಡಿ: ಚಳಿಯಾದರೆ ಒಂದರ ಮೇಲೊಂದು ಗುಂಪುಗೂಡುತ್ತವೆ, ಬಿಸಿಯಾದರೆ ಒಲೆಯಿಂದ ದೂರ ಸರಿಯುತ್ತವೆ, ಎಲ್ಲಿಂದಲೋ ಗಾಳಿ ನುಗ್ಗುತ್ತಿದ್ದರೆ ಎಲ್ಲವೂ ಒಂದೇ ಮಗ್ಗುಲಿಗೆ ಸೇರುತ್ತವೆ.

ತೆರೆದ ಶೆಡ್ಡನ್ನು ಪೂರ್ವ–ಪಶ್ಚಿಮ ಉದ್ದಕ್ಕೆ ಕಟ್ಟಿದರೆ ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ಅಗಲ 30 ಅಡಿ ಮೀರಿದರೆ ನಡುವಿನ ಕೋಳಿಗಳಿಗೆ ಗಾಳಿ ತಲುಪದು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕಡೆಯ ತೊಡಕು ಬೇರೆ, ಅದು ಕಬ್ಬು. ಜುಲೈ–ಆಗಸ್ಟಿನಲ್ಲಿ ನೆಟ್ಟ ಆಡಸಾಲಿ ಕಬ್ಬು ಮುಂದಿನ ಮೇ ತಿಂಗಳಿಗೆ ಆಳು ಮುಚ್ಚುವಷ್ಟು ಬೆಳೆದಿರುತ್ತದೆ. ನೈಋತ್ಯದ ಗಾಳಿ ಅತಿ ಬೇಕಾದ ದಿನಗಳಲ್ಲೇ ಅದು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಶೆಡ್ಡಿನ ದಕ್ಷಿಣ, ಪಶ್ಚಿಮಕ್ಕೆ ನಾಲ್ಕು ಸಾಲು ಕಬ್ಬು ಕಳೆದುಕೊಳ್ಳುವುದು ಲಾಭದ ಮಾತೆಂದೇ ನನ್ನ ಎಣಿಕೆ.

ಈಗ ಮುಚ್ಚಿದ ಶೆಡ್ಡುಗಳೂ ಬಂದಿವೆ. ಒಂದು ತುದಿಯ ದೊಡ್ಡ ಫ್ಯಾನುಗಳು ಗಾಳಿಯನ್ನು ಹೊರಗೆ ಎಳೆದರೆ, ಇನ್ನೊಂದು ತುದಿಯ ಒದ್ದೆ ಪ್ಯಾಡಿನ ಮೂಲಕ ತಂಪು ಗಾಳಿ ಒಳಗೆ ಬರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಏಪ್ರಿಲ್ಲಿನ ಒಣ ಮಧ್ಯಾಹ್ನ ಇದು ಚೆನ್ನಾಗಿ ನಡೆಯುತ್ತದೆ. ಮಳೆ ಹಿಡಿದ ಮೇಲೆ ಪ್ಯಾಡಿಗೆ ನೀರು ಬಿಟ್ಟರೆ ತಂಪು ಸಿಗದೆ ತೇವವಷ್ಟೇ ಹೆಚ್ಚುತ್ತದೆ. ಆಗ ನೀರು ನಿಲ್ಲಿಸಿ ಫ್ಯಾನನ್ನೇ ನೆಚ್ಚಬೇಕು. ಸೆಕೆಂಡಿಗೆ ಎರಡೂವರೆ, ಮೂರು ಮೀಟರ್ ವೇಗದ ಗಾಳಿ ಮೈ ಸವರಿದರೆ, ಅದೇ ಶಾಖದಲ್ಲೂ ಕೋಳಿಗೆ ಹಾಯೆನಿಸುತ್ತದೆ.

ಇಂಥ ಶೆಡ್ಡಿನಲ್ಲಿ ಕರೆಂಟು ಹೋದರೆ ಕಾಯಲು ಸಮಯವಿಲ್ಲ. ಬಿಸಿಲ ಹೊತ್ತಿನಲ್ಲಿ, ಮಾರಾಟಕ್ಕೆ ಬಂದ ಹಿಂಡಿದ್ದರೆ, ಕೋಳಿಗಳು ಸಾಯಲು ಅರ್ಧ ಗಂಟೆಯೇ ಸಾಕು. ಜನರೇಟರನ್ನು ವಾರಕ್ಕೊಮ್ಮೆ ಓಡಿಸಿ ನೋಡಿ, ಡೀಸೆಲ್ ಎಷ್ಟಿದೆಯೆಂದು ಕಣ್ಣಾರೆ ನೋಡಿ. ಕರೆಂಟು ಹೋದ ಕೂಡಲೇ ಕೂಗುವ ಗಂಟೆಯನ್ನು, ಮಲಗಿದವರಿಗೂ ಕೇಳಿಸುವ ಕಡೆ ಕಟ್ಟಿ.